ಮೂಲೆಗೆ ಯಾರನ್ನು ನಿಲ್ಲಿಸೋಣ?



ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ರಸ್ತೆಯುದ್ದಕ್ಕೂ ಕಬಡ್ಡಿಯ ಪೋಸ್ಟರುಗಳು ಏಳುತ್ತವೆ. ಬಸ್ ನಿಲ್ದಾಣದ ಗೋಡೆ, ಚಹಾದಂಗಡಿಯ ಬಾಗಿಲು, ಟಂಟಂ ಗಾಡಿಯ ಹಿಂಬದಿ, ಯಾವುದನ್ನೂ ಬಿಡುವುದಿಲ್ಲ. ಹೊನಲು ಬೆಳಕಿನ ಪಂದ್ಯಾವಳಿ, ಮೊದಲ ಬಹುಮಾನ ಇಷ್ಟು, ಎರಡನೆಯದು ಇಷ್ಟು, ಪ್ರವೇಶ ಶುಲ್ಕ ಇಷ್ಟು, ಬಂದ ತಂಡಗಳಿಗೆ ಊಟದ ವ್ಯವಸ್ಥೆ ಉಂಟು. ಕೆಳಗೆ ದಾನಿಗಳ ಫೋಟೋಗಳು ಆಟಗಾರರ ಫೋಟೋಗಿಂತ ದೊಡ್ಡದಾಗಿರುತ್ತವೆ, ಅದು ಬೇರೆ ಮಾತು.

ಪೋಸ್ಟರ್ ಬಿದ್ದ ದಿನದಿಂದ ಊರಿನಲ್ಲಿ ಒಂದೇ ಪ್ರಶ್ನೆ: "ಈ ಸಲ ರೇಡರ್ ಯಾರನ್ನ ಕರಸಾಕ ಹತ್ತೀರಿ?" ಧಾರವಾಡದ ಕಡೆಯವನಂತೆ, ವಿಜಯಪುರದವನಂತೆ, ಯಾವುದೋ ಹಾಸ್ಟೆಲಿನ ಹುಡುಗನಂತೆ, ಅವನ ಓಡುವ ಕೈ ಹೇಗಿದೆಯಂತೆ, ಬೋನಸ್ ಹೇಗೆ ಕದಿಯುತ್ತಾನಂತೆ. ಒಂದು ರಾತ್ರಿಯ ಆಟಕ್ಕೆ ಅವನಿಗೆ ಬಸ್ ಚಾರ್ಜು, ಊಟ, ಕೈಗೆ ಇಷ್ಟು ಹಣ ಎಂದು ಲೆಕ್ಕವಾಗುತ್ತದೆ. ಕಾರ್ನರ್‌ಗೆ ಯಾರು ಎಂದು ಯಾರೂ ಕೇಳುವುದಿಲ್ಲ. ಊರಲ್ಲಿ ಉಳಿದಿರುವ ಹುಡುಗರಲ್ಲಿ ಇಬ್ಬರು ಗಟ್ಟಿಮುಟ್ಟಾದವರನ್ನು ಎರಡು ಮೂಲೆಗೆ ದೂಡಿಬಿಡುತ್ತಾರೆ. ಬಹಳ ವರ್ಷ ಶಾಲೆಯಲ್ಲಿ ಪಿಟಿ ಮಾಸ್ತರನಾಗಿ, ರಜೆಯಲ್ಲಿ ಈ ಪಂದ್ಯಗಳಿಗೆ ಸೀಟಿ ಊದುವವನಾಗಿ ನಿಂತು ನೋಡಿದ ನನಗೆ ಈ ರೂಢಿಯೇ ತಿರುವುಮುರುವು ಅನಿಸುತ್ತದೆ. ರೇಡರ್‌ನನ್ನು ಬೇಕಾದರೆ ಹಣ ಕೊಟ್ಟು ತರಿಸಿ, ಕಾರ್ನರ್‌ಗಳನ್ನು ಮಾತ್ರ ಊರಿನಲ್ಲೇ ಕಟ್ಟಿ ಬೆಳೆಸಿ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಟಿವಿಯಲ್ಲಿ ಆಟ ನೋಡುವವರಿಗೂ ಕೆಲವೊಮ್ಮೆ ತಿಳಿಯದ ಒಂದು ವಿಷಯದಿಂದ ಶುರು ಮಾಡೋಣ, ಕಾರ್ನರ್ ಏನು ಮಾಡುತ್ತಾನೆ ಎಂಬುದರಿಂದ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಬರುವ ಆಳ ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್ ಹಿಂದೆ ಬೋನಸ್ ಲೈನ್. ಹಾಗಾದರೆ ಬೋನಸ್ ಲೈನಿನಿಂದ ಕೊನೆಯ ಗೆರೆಗೆ ಉಳಿಯುವುದು ಒಂದೂ ಮುಕ್ಕಾಲು ಮೀಟರ್. ನಮ್ಮ ಮನೆಗಳ ಪಡಸಾಲೆಯ ಬಾಗಿಲಿನ ಎತ್ತರದಷ್ಟೂ ಆಳವಿಲ್ಲದ ಆ ಪಟ್ಟಿಯಲ್ಲಿ ಏಳು ಜನ ಸಾಲಾಗಿ ನಿಲ್ಲುತ್ತಾರೆ. ಎಡ ತುದಿಗೆ ಲೆಫ್ಟ್ ಕಾರ್ನರ್, ಅವನ ಪಕ್ಕ ಲೆಫ್ಟ್ ಇನ್, ಆಮೇಲೆ ಲೆಫ್ಟ್ ಕವರ್, ನಡುವೆ ಸೆಂಟರ್, ಆಚೆಗೆ ರೈಟ್ ಕವರ್, ರೈಟ್ ಇನ್, ಬಲ ತುದಿಗೆ ರೈಟ್ ಕಾರ್ನರ್. ಇನ್‌ಗಳಲ್ಲಿ ಸಾಮಾನ್ಯವಾಗಿ ನಿಲ್ಲುವವರು ತಂಡದ ರೇಡರ್‌ಗಳೇ. ಅವರಿಗೆ ಹಿಡಿಯುವ ಕೆಲಸ ಅಷ್ಟಕ್ಕಷ್ಟೆ. ಹೀಗಾಗಿ ಕಾರ್ನರ್‌ನ ಪಕ್ಕದಲ್ಲಿರುವವನು ಬಹಳ ಸಲ ಹಿಡಿತ ಬಾರದವನು. ಅವನ ಕೈ ಹಿಡಿದುಕೊಂಡೇ, ಅವನ ತಪ್ಪನ್ನೂ ತೂಗಿಸಿಕೊಂಡು, ಹಿಂದೆ ಗೆರೆ ತುಳಿಯದಂತೆ, ಪಕ್ಕದ ಲಾಬಿಗೆ ಕಾಲಿಡದಂತೆ ಕಾರ್ನರ್ ಆಡಬೇಕು.

ಅವನು ಹಿಡಿಯುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಅಂಕ ಉಂಟು. ರೇಡರ್ ಕಾರ್ನರ್ ಕಡೆಗೆ ಸರಿಯುತ್ತಾನೆ, ಮುಂಗಾಲನ್ನು ಬೋನಸ್ ಲೈನಿನ ಆಚೆ ಊರಬೇಕು, ಆಗಲೇ ಹಿಂಗಾಲು ಗಾಳಿಯಲ್ಲಿರಬೇಕು. ಆ ಅರೆಕ್ಷಣ ಅವನ ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲೆ. ಒಳ್ಳೆಯ ಕಾರ್ನರ್ ಅಲ್ಲಿಯವರೆಗೂ ಕಾಯುತ್ತಾನೆ. ರೇಡರ್ ಎರಡು ಸಲ, ಮೂರು ಸಲ ಸುಳ್ಳು ಕಾಲು ತೋರಿಸಿದರೂ ಕದಲುವುದಿಲ್ಲ. ಕಾಲು ನಿಜವಾಗಿ ನೆಲಕ್ಕೆ ತಾಗಿದಾಗ ಒಂದು ಮೊಣಕಾಲು ಮಡಚಿ, ತಲೆಯನ್ನು ರೇಡರ್‌ನ ತೊಡೆಯ ಹೊರಗಿಟ್ಟು, ಎರಡೂ ಕೈಯಿಂದ ಹಿಮ್ಮಡಿಯ ಮೇಲೆ ಬೀಗ ಹಾಕುತ್ತಾನೆ. ತಲೆ ಒಳಗಿಟ್ಟರೆ ಮೊಣಕಾಲಿನ ಏಟು ನೇರ ಮುಖಕ್ಕೆ. ಬೀಗ ಬಿದ್ದ ಮೇಲೂ ಅವನೊಬ್ಬನಿಂದ ಆಗುವುದಿಲ್ಲ, ಕವರ್ ಓಡಿ ಬಂದು ರೇಡರ್‌ನ ಎದೆಗೆ ಅಡ್ಡ ನಿಲ್ಲಬೇಕು. ಕವರ್ ಅರ್ಧ ಹೆಜ್ಜೆ ತಡವಾದರೆ ರೇಡರ್ ಮುಂದಕ್ಕೆ ಬಿದ್ದು ಕೈಚಾಚಿ ನಡುಗೆರೆ ಮುಟ್ಟುತ್ತಾನೆ, ಮುಟ್ಟಿದವರೆಲ್ಲ ಹೊರಗೆ. ಇಷ್ಟೂ ನಡೆಯುವುದು 30 ಸೆಕೆಂಡಿನ ರೇಡಿನ ಯಾವುದೋ ಒಂದು ಸೆಕೆಂಡಿನಲ್ಲಿ.

ನಮ್ಮ ಕಡೆಯ ಅಂಕಣಗಳದ್ದು ಇನ್ನೊಂದು ಕಷ್ಟ. ಯರಿ ಭೂಮಿಯಲ್ಲಿ ಆಡಲಿಕ್ಕಾಗುವುದಿಲ್ಲ, ಬೇಸಿಗೆಗೆ ಬಿರುಕು, ನೀರು ಬಿದ್ದರೆ ಕೆಸರು. ಮಸಾರಿ ಮಣ್ಣು ತಂದು ಹಾಸಿ, ನೀರು ಚಿಮುಕಿಸಿ, ಗುಂಡು ಉರುಳಿಸಿ ಅಂಕಣ ಮಾಡುತ್ತಾರೆ. ಬರಿಗಾಲಿನ ಹೆಬ್ಬೆರಳು ಮಣ್ಣಿಗೆ ಊರಿದರೆ ಕಾರ್ನರ್‌ಗೆ ಒಂದು ಹಿಡಿತ ಸಿಗುತ್ತದೆ. ಅದೇ ಹುಡುಗನನ್ನು ಮ್ಯಾಟಿನ ಮೇಲೆ ಬೂಟು ಹಾಕಿಸಿ ನಿಲ್ಲಿಸಿದರೆ ಮೊದಲ ಎರಡು ಪಂದ್ಯ ಅವನಿಗೆ ತನ್ನ ಕಾಲೇ ತನ್ನದಲ್ಲ. ರೇಡರ್‌ಗೆ ಮ್ಯಾಟು ಲಾಭ, ಓಟ ಹೆಚ್ಚುತ್ತದೆ. ಮಣ್ಣಿನಲ್ಲಿ ಚೆನ್ನಾಗಿ ಹಿಡಿದ ಎಂದು ಮ್ಯಾಟಿನ ಪಂದ್ಯಾವಳಿಗೆ ಕರೆದೊಯ್ಯುವವರು, ಮ್ಯಾಟಿನಲ್ಲಿ ಸೋತ ಎಂದು ಮಣ್ಣಿನ ತಂಡದಿಂದ ಕೈಬಿಡುವವರು, ಇಬ್ಬರೂ ಇದನ್ನು ಮರೆಯುತ್ತಾರೆ.

ಸರಿ, ಕಾರ್ನರ್ ಒಳ್ಳೆಯವನೋ ಅಲ್ಲವೋ ಎಂದು ಅಳೆಯುವುದು ಹೇಗೆ? ಎಲ್ಲರ ಕೈಗೂ ಸಿಗುವ ಅಳತೆ ಟ್ಯಾಕಲ್ ಪಾಯಿಂಟು. ಪ್ರೊ ಕಬಡ್ಡಿಯಲ್ಲಿ ಒಂದು ಪಂದ್ಯದಲ್ಲಿ ಅಂಥ ಐದು ಪಾಯಿಂಟು ಮುಟ್ಟಿದರೆ 'ಹೈ ಫೈವ್' ಎಂದು ಪರದೆಯ ಮೇಲೆ ಬೆಂಕಿ ಉರಿಸುತ್ತಾರೆ. 2018ರ ಆರನೇ ಸೀಸನ್ನಿನಲ್ಲಿ ಯುಪಿ ಯೋಧಾ ತಂಡದ ರೈಟ್ ಕಾರ್ನರ್ ನಿತೇಶ್ ಕುಮಾರ್ ಒಂದೇ ಸೀಸನ್ನಿನಲ್ಲಿ 100 ಟ್ಯಾಕಲ್ ಪಾಯಿಂಟು ಮುಟ್ಟಿದ ಮೊದಲಿಗನಾದ. ಅದು ದೊಡ್ಡ ಸಾಧನೆಯೇ. ಆದರೆ ಪಾಯಿಂಟಿನ ಪಟ್ಟಿಯಲ್ಲಿ ಕಾಣದ್ದು ಬಹಳ ಇದೆ. ಪ್ರತಿ ರೇಡರ್‌ಗೂ ತನ್ನದೊಂದು ಪ್ರೀತಿಯ ಪಕ್ಕ ಇರುತ್ತದೆ. ಎದುರಾಳಿ ತಂಡದ ಮುಖ್ಯ ರೇಡರ್‌ಗಳು ಒಂದೇ ಪಕ್ಕದವರಾದರೆ ಆ ಕಡೆಯ ಕಾರ್ನರ್‌ಗೆ ಕೆಲಸ ಹೆಚ್ಚು, ಅಂಕವೂ ಹೆಚ್ಚು. ಈ ಕಡೆಯವನು ರಾತ್ರಿಯೆಲ್ಲ ಕೈಕಟ್ಟಿ ನಿಂತಂತೆ ಕಾಣುತ್ತಾನೆ. ಇನ್ನೊಂದು, ರೇಡರ್ ಬಂದು, ಆ ಮೂಲೆಯನ್ನು ನೋಡಿ, ಬೋನಸ್‌ಗೆ ಧೈರ್ಯ ಮಾಡದೆ ವಾಪಸು ಹೋದರೆ ಅದಕ್ಕೆ ಅಂಕವಿಲ್ಲ. ಹಾಗೆ ಎರಡು ರೇಡು ಖಾಲಿಯಾದರೆ ಮೂರನೆಯದು 'ಡು ಆರ್ ಡೈ', ಅಂಕ ತರದಿದ್ದರೆ ರೇಡರ್ ಹೊರಗೆ. ಆ ಮೂರನೇ ರೇಡಿನಲ್ಲಿ ಕವರ್ ಡ್ಯಾಶ್ ಹೊಡೆದು, ಅಂದರೆ ರೇಡರ್‌ನನ್ನು ಗೆರೆಯಾಚೆ ದೂಡಿ, ಚಪ್ಪಾಳೆ ಗಿಟ್ಟಿಸುತ್ತಾನೆ. ಮೊದಲ ಎರಡನ್ನು ಖಾಲಿ ಕಳಿಸಿದ ಕಾರ್ನರ್‌ನ ಹೆಸರು ಅಂಕದ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದಲ್ಲೂ ಅಂಚಿನಲ್ಲಿ ನಿಲ್ಲುವ ರಕ್ಷಕರಿದ್ದಾರೆ, ಅವರಿಗೆ ಕಾರ್ನರ್‌ಬ್ಯಾಕ್ ಎನ್ನುತ್ತಾರೆ. ಅಲ್ಲಿನ ತಂಡಗಳಿಗೆ ಸಂಬಳಕ್ಕೆ ಒಂದು ಮಿತಿ ಇದೆ, 2025ರಲ್ಲಿ ಅದು ಒಂದು ತಂಡಕ್ಕೆ 27.92 ಕೋಟಿ ಡಾಲರ್. ಯಾವ ಕಾರ್ನರ್‌ಬ್ಯಾಕನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು ಎಂದು ಪ್ರತಿ ವಸಂತದಲ್ಲೂ ಅಲ್ಲಿ ದೊಡ್ಡ ಜಿಜ್ಞಾಸೆ ನಡೆಯುತ್ತದೆ. ಅವರಿಗೂ ಇದೇ ತೊಡಕು: ನಿಜವಾಗಿ ಒಳ್ಳೆಯ ಕಾರ್ನರ್‌ಬ್ಯಾಕ್ ನಿಂತ ಕಡೆ ಎದುರಾಳಿ ಚೆಂಡನ್ನೇ ಎಸೆಯುವುದಿಲ್ಲ. ಹಾಗಾಗಿ ಅವನ ಅಂಕಿಅಂಶ ಬಡವಾಗಿ ಕಾಣುತ್ತದೆ.

ನಮ್ಮ ಆಟಕ್ಕೆ ಬರೋಣ. ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು ಎಂಟು ತಂಡಗಳೊಂದಿಗೆ ಶುರುವಾಯಿತು. ಕಾರ್ನರ್‌ಗೆ ದೊಡ್ಡ ಬೆಲೆ ಕಟ್ಟಿದವರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಮೊದಲ ಸಾಲಿನವರು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. 2016ರ ನಾಲ್ಕನೇ ಸೀಸನ್ನಿಗೆ ಮೋಹಿತ್ ಛಿಲ್ಲರ್‌ನನ್ನು ಅವರು 53 ಲಕ್ಷಕ್ಕೆ ಕೊಂಡರು, ಆ ಹರಾಜಿನ ಅತಿ ದೊಡ್ಡ ಕೂಗು ಅದು. ಮೋಹಿತ್ ರೈಟ್ ಕಾರ್ನರ್. ಲೆಫ್ಟ್ ಕಾರ್ನರ್ ಸುರೇಂದರ್ ನಾಡಾ ಕೂಡ ಬುಲ್ಸ್‌ಗೆ ಬಂದ. ಇವರಿಬ್ಬರೂ ಯು ಮುಂಬಾದಲ್ಲಿ ಜೊತೆಯಾಗಿ ಆಡಿ ಬೆಳೆದವರು. 2015ರ ಫೈನಲ್‌ನಲ್ಲಿ ಯು ಮುಂಬಾ 36-30ರಲ್ಲಿ ಸೋಲಿಸಿದ್ದು ಇದೇ ಬುಲ್ಸ್ ತಂಡವನ್ನು. ತಮ್ಮನ್ನು ಸೋಲಿಸಿದ ಎರಡೂ ಮೂಲೆಗಳನ್ನು ಕೊಂಡು ತಂದರೆ ಗೆಲುವು ತಮ್ಮದೇ ಎಂದು ಲೆಕ್ಕ ಹಾಕಿದ್ದಿರಬೇಕು. ಸಂತೆಯಲ್ಲಿ ಎತ್ತು ಕೊಳ್ಳುವವನು ಮನೆಯಲ್ಲಿರುವ ಎತ್ತಿಗೆ ಹೊಂದುವುದನ್ನು ಹುಡುಕುತ್ತಾನಲ್ಲ, ಬುಲ್ಸ್‌ನವರು ಪೂರಾ ಜೋಡಿಯನ್ನೇ ಹೊಡಕೊಂಡು ಬಂದರು. ಆದರೂ ಆ ಸೀಸನ್ನಿನಲ್ಲಿ ತಂಡ ಸೆಮಿಫೈನಲ್ ಮುಟ್ಟಲಿಲ್ಲ. ಎರಡು ಮೂಲೆಗಳ ನಡುವೆ ನಿಂತು ಓಡಿಬರಬೇಕಾದ ಕವರ್‌ಗಳು ಆ ಜೋಡಿಯ ಜೊತೆ ಬೆಳೆದವರಾಗಿರಲಿಲ್ಲ ಎಂಬುದು ನನ್ನ ಓದು. ಮುಂದಿನ ವರ್ಷವೇ ಆ ಇಬ್ಬರೂ ಹೊಸ ತಂಡವಾದ ಹರಿಯಾಣ ಸ್ಟೀಲರ್ಸ್‌ನಲ್ಲಿ ಕಾಣಿಸಿಕೊಂಡರು, ಮತ್ತೆ ಜೊತೆಯಾಗಿಯೇ.

ಆಮೇಲೆ ಬೆಲೆ ಏರಿದ್ದು ಇರಾನಿನವರ ದೆಸೆಯಿಂದ. 2018ರ ಹರಾಜಿನಲ್ಲಿ ಯು ಮುಂಬಾ ಒಂದು ಕೋಟಿ ಕೊಟ್ಟದ್ದು ರೇಡರ್‌ಗಲ್ಲ, ಲೆಫ್ಟ್ ಕಾರ್ನರ್ ಫಜಲ್ ಅತ್ರಾಚಲಿಗೆ. ಲೀಗಿನಲ್ಲಿ ಕೋಟಿ ಮುಟ್ಟಿದ ಮೊದಲ ಆಟಗಾರ ಅವನೇ. ಅದೇ ವರ್ಷ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ಸೆಮಿಫೈನಲ್‌ನಲ್ಲಿ ಭಾರತವನ್ನು 27-18ರಲ್ಲಿ ಸೋಲಿಸಿತು. 1990ರಲ್ಲಿ ಕಬಡ್ಡಿ ಏಷ್ಯನ್ ಕೂಟಕ್ಕೆ ಸೇರಿದಾಗಿನಿಂದ ಗಂಡಸರ ಚಿನ್ನ ನಮ್ಮ ಕೈತಪ್ಪಿದ್ದು ಅದೇ ಮೊದಲು. ಹದಿನೆಂಟು ಅಂಕಕ್ಕೆ ನಮ್ಮವರನ್ನು ನಿಲ್ಲಿಸಿದ್ದು ಹಿಡಿತ, ಅದನ್ನು ಒಪ್ಪಿಕೊಳ್ಳಬೇಕು. ಫಜಲ್‌ನ ನಂತರ ಮೊಹಮ್ಮದ್‌ರೆಜಾ ಶಾದ್ಲೂಯಿ ಬಂದ, ಅವನೂ ಲೆಫ್ಟ್ ಕಾರ್ನರ್. ಹತ್ತನೇ ಸೀಸನ್ನಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು, ಪಲ್ಟನ್ ಗೆದ್ದಿತು. ಹನ್ನೊಂದನೇ ಸೀಸನ್ನಿಗೆ ಹರಿಯಾಣ 2.07 ಕೋಟಿ ಕೊಟ್ಟಿತು, ಹರಿಯಾಣವೂ ಗೆದ್ದಿತು. 2024ರ ಡಿಸೆಂಬರಿನ ಆ ಫೈನಲ್‌ನಲ್ಲಿ ಎದುರಿಗಿದ್ದ ಪಟ್ನಾ ಪೈರೇಟ್ಸ್‌ನಲ್ಲಿ ಆ ವರ್ಷ 300ಕ್ಕೂ ಹೆಚ್ಚು ರೇಡ್ ಪಾಯಿಂಟು ಗಳಿಸಿದ್ದ ದೇವಾಂಕ್ ದಲಾಲ್ ಇದ್ದ. ಇಡೀ ಪಟ್ನಾ ತಂಡಕ್ಕೆ ಅಂದು ದಕ್ಕಿದ್ದು 23 ಅಂಕ, ಹರಿಯಾಣಕ್ಕೆ 32.

ಇಲ್ಲಿ ಯಾರಾದರೂ ತಡೆದು ಕೇಳಬಹುದು, 2019ರ ಜನವರಿ 5ರಂದು ಬುಲ್ಸ್‌ಗೆ ಕಪ್ ತಂದುಕೊಟ್ಟಿದ್ದು ರೇಡರ್ ಪವನ್ ಸೆಹ್ರಾವತ್ ಅಲ್ಲವೇ ಎಂದು. ಹೌದು. ಗುಜರಾತ್ ವಿರುದ್ಧ 38-33ರ ಆ ಗೆಲುವಿನಲ್ಲಿ 22 ಅಂಕ ಅವನೊಬ್ಬನದೇ. ಅಂಥ ರಾತ್ರಿಯೊಂದು ಬಂದರೆ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ. ಆದರೆ ಅಂಥ ರೇಡರ್ ದೇಶಕ್ಕೆ ಒಬ್ಬನೋ ಇಬ್ಬರೋ. ಉಳಿದವರೆಲ್ಲ ನಂಬಬೇಕಾದದ್ದು ಹಿಡಿತವನ್ನು.

ಈಗ ಉಳಿಸಿಕೊಳ್ಳುವ, ಕೈಬಿಡುವ ಲೆಕ್ಕ. ಇತ್ತೀಚಿನ ಸೀಸನ್ನುಗಳಲ್ಲಿ ಒಂದು ತಂಡದ ಕಿಸೆಗೆ ಐದು ಕೋಟಿಯ ಮಿತಿ. ಆಟಗಾರರನ್ನು ನಾಲ್ಕು ದರ್ಜೆ ಮಾಡಿ 30 ಲಕ್ಷ, 20 ಲಕ್ಷ, 13 ಲಕ್ಷ, 9 ಲಕ್ಷ ಎಂದು ಮೂಲಬೆಲೆ ಇಡುತ್ತಾರೆ. ಹರಾಜಿಗೆ ಮುಂಚೆ ಕೆಲವರನ್ನು ತಂಡ ಉಳಿಸಿಕೊಳ್ಳಬಹುದು. ಬಿಟ್ಟುಕೊಟ್ಟ ಆಟಗಾರನಿಗೂ ಕೊನೆಯ ಕೂಗಿಗೆ ಸಮನಾಗಿ ಹಣ ಕೊಟ್ಟು ವಾಪಸು ಕರೆಸಿಕೊಳ್ಳುವ ಒಂದು ಕಾರ್ಡು ಇದೆ. ಐದು ಕೋಟಿಯಲ್ಲಿ ಒಬ್ಬ ಶಾದ್ಲೂಯಿಗೆ ಎರಡು ಕೋಟಿ ಮೀರಿ ಕೊಟ್ಟರೆ ಉಳಿದ ಹದಿನೇಳು ಹದಿನೆಂಟು ಜನಕ್ಕೆ ಮೂರು ಕೋಟಿಯೂ ಉಳಿಯುವುದಿಲ್ಲ.

ಬುಲ್ಸ್‌ನವರದೇ ಉದಾಹರಣೆ ತೆಗೆದುಕೊಳ್ಳಿ, ನಮ್ಮ ರಾಜ್ಯದ ಹೆಸರಿನ ತಂಡ, ಬೈಯುವ ಹಕ್ಕೂ ನಮಗುಂಟು. 2024ರ ಹರಾಜಿನಲ್ಲಿ ಅವರು ರೇಡಿನ ಕಡೆಗೆ ಹಣ ಸುರಿದರು. ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಹಳೆಯ ಹುಲಿ ಪ್ರದೀಪ್ ನರ್ವಾಲ್‌ಗೆ 70 ಲಕ್ಷ. ರೈಟ್ ಕಾರ್ನರ್‌ನಲ್ಲಿ ಹಲವು ಸೀಸನ್ನಿನಿಂದ ಅವರಲ್ಲೇ ಬೆಳೆದಿದ್ದ ಸೌರಭ್ ನಂದಲ್ ಇದ್ದ. ಆ ವರ್ಷ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಮರುವರ್ಷ ಪೂರಾ ಮನೆ ಗುಡಿಸಿದರು. ಮೊದಲ ಸೀಸನ್ನಿನಿಂದ ಇದ್ದ ಕೋಚ್ ರಣಧೀರ್ ಸಿಂಗ್ ಹೋದರು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಹತ್ತನೇ ಸೀಸನ್ನಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಬಂದರು. ನಂದಲ್‌ನನ್ನು ಬಿಟ್ಟು, 1.125 ಕೋಟಿ ಕೊಟ್ಟು ಯೋಗೇಶ್ ದಹಿಯಾ ಎಂಬ ಇನ್ನೊಬ್ಬ ರೈಟ್ ಕಾರ್ನರ್‌ನನ್ನು ತಂದರು. ಹತ್ತನೇ ಸೀಸನ್ನಿನಲ್ಲಿ ಡೆಲ್ಲಿಗೆ ಆಡಿ ಹೊಸಬರಲ್ಲಿ ಉತ್ತಮ ಎನಿಸಿಕೊಂಡಿದ್ದ ಹುಡುಗ. ಕಿಸೆಯ ಐದನೇ ಒಂದು ಭಾಗಕ್ಕೂ ಮಿಕ್ಕಿ ಒಬ್ಬ ಕಾರ್ನರ್‌ಗೆ! ಇನ್ನೊಂದು ಕಡೆಗೆ ಹೆಚ್ಚು ಜನ ಹೆಸರು ಕೇಳಿರದ ದೀಪಕ್ ಶಂಕರ್. ಹಿಂದಿನ ವರ್ಷ ತಳದಲ್ಲಿದ್ದ ತಂಡ ಆ ವರ್ಷ ಪ್ಲೇಆಫ್ ಆಡಿತು.

ಇದರಿಂದ ನಂದಲ್ ಕೆಟ್ಟ ಆಟಗಾರ ಎಂದು ಹೇಳಿದರೆ ತಪ್ಪಾಗುತ್ತದೆ. ಅವನು ದಬಂಗ್ ಡೆಲ್ಲಿಗೆ ಹೋದ, ಅಲ್ಲಿ ಇನ್ನೊಂದು ಮೂಲೆಗೆ 33ರ ಫಜಲ್ ಇದ್ದ, ನಡುವೆ ಕವರ್‌ನಲ್ಲಿ ಅನುಭವಿ ಸುರ್ಜೀತ್ ಸಿಂಗ್. 2025ರ ಅಕ್ಟೋಬರಿನಲ್ಲಿ ಡೆಲ್ಲಿ ಪುಣೇರಿಯನ್ನು 31-28ರಲ್ಲಿ ಸೋಲಿಸಿ ಕಪ್ ಎತ್ತಿತು. ಕೊನೆಯ ಸ್ಥಾನದ ತಂಡದಲ್ಲಿದ್ದ ಕಾರ್ನರ್ ಒಂದೇ ವರ್ಷದಲ್ಲಿ ಗೆದ್ದ ತಂಡದ ಕಾರ್ನರ್ ಆದ. ಅವನ ಕೈ, ಕಾಲು, ಕಣ್ಣು ಎಲ್ಲ ಅವೇ. ಪಕ್ಕದಲ್ಲಿ ನಿಂತವರು ಬದಲಾಗಿದ್ದರು, ಅಷ್ಟೆ. ಅಂದಮೇಲೆ ಸೋತ ವರ್ಷದ ಪಟ್ಟಿ ನೋಡಿ ಕಾರ್ನರ್‌ನನ್ನು ಕಿತ್ತುಹಾಕುವವರು ಮೊದಲು ಅವನ ಕವರ್ ಯಾರಾಗಿದ್ದ ಎಂದು ಕೇಳಿಕೊಳ್ಳಬೇಕು. ವಯಸ್ಸಿನ ಮಾತೂ ಹಾಗೆಯೇ. ರೇಡರ್‌ಗೆ ಮೊಣಕಾಲಿನ ಸ್ಪ್ರಿಂಗು ಸಡಿಲವಾದರೆ ಮುಗಿಯಿತು. ಕಾಯುವುದನ್ನು ಕಲಿತ ಕಾರ್ನರ್ ಇನ್ನೂ ನಾಲ್ಕೈದು ವರ್ಷ ಎಳೆಯುತ್ತಾನೆ. ಲೀಗಿನಲ್ಲಿ 500 ಟ್ಯಾಕಲ್ ಪಾಯಿಂಟು ದಾಟಿದ ಮೊದಲಿಗ ಫಜಲ್ ಆ ಗಡಿ ದಾಟಿದ್ದು ಮೂವತ್ತು ಮೀರಿದ ಮೇಲೆಯೇ.

ಒಂದು ಅಡ್ಡಮಾತು. ಈ ಕಾರ್ನರ್‌ಗಳ ಹೆಸರು ಎಣಿಸಿದಿರಾ? ನಾಡಾ, ಛಿಲ್ಲರ್, ನಂದಲ್, ದಹಿಯಾ, ಎಲ್ಲ ಹರಿಯಾಣ, ಡೆಲ್ಲಿ ಸೀಮೆಯವು. ನಮ್ಮ ರಾಜ್ಯದಿಂದ ಹೆಸರು ಮಾಡಿದವರೆಂದರೆ ಸುಕೇಶ್ ಹೆಗ್ಡೆ, 2018ರಲ್ಲಿ 79 ಲಕ್ಷಕ್ಕೆ ಹೋದ ಪ್ರಶಾಂತ್ ಕುಮಾರ್ ರೈ, ಹೆಂಗಸರಲ್ಲಿ ಕಾರ್ಕಳದ ಮಮತಾ ಪೂಜಾರಿ. ಮೂವರೂ ರೇಡಿಗೆ ಹೆಸರಾದವರು. ನಮ್ಮ ಮೈದಾನಗಳಲ್ಲಿ ಚಪ್ಪಾಳೆ ಯಾವ ಕಡೆಗೆ ಬೀಳುತ್ತದೋ ಹುಡುಗರು ಆ ಕಡೆಗೆ ಬೆಳೆಯುತ್ತಾರೆ. ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆಯಲ್ಲ, ಅವರ ಸೀಮೆಯಲ್ಲಿ ಇದೇ ಆಟಕ್ಕೆ ಹಾ-ಡು-ಡು ಎನ್ನುತ್ತಾರೆ, ಈಗಿನ ಬಾಂಗ್ಲಾದೇಶಕ್ಕೆ ಅದು ರಾಷ್ಟ್ರೀಯ ಕ್ರೀಡೆ. ಆ ಕ್ಯಾಂಪುಗಳ ಹುಡುಗರಲ್ಲಿ ಒಬ್ಬನನ್ನು ಕಾರ್ನರ್‌ಗೆ ನೋಡಿದ್ದೇನೆ, ಕಾಯುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನನ್ನೂ ಊರಿನ ತಂಡದವರು ಮರುವರ್ಷ ರೇಡರ್ ಮಾಡಿಬಿಟ್ಟರು!

ಹಾಗಾದರೆ ಕೋಟಿ ಕೊಟ್ಟು ಕಾರ್ನರ್ ಕೊಳ್ಳುವ ದೊಡ್ಡ ತಂಡಗಳನ್ನು ನೋಡಿ ನಾವೂ ಹೊರಗಿನ ಕಾರ್ನರ್ ತರಿಸೋಣವೇ? ಬೇಡ. ದೊಡ್ಡ ತಂಡ ಹರಾಜಾದ ಮೇಲೆ ವಾರಗಟ್ಟಲೆ ಕ್ಯಾಂಪು ನಡೆಸುತ್ತದೆ. ಕೊಂಡು ತಂದ ಕಾರ್ನರ್‌ನನ್ನೂ ಕವರ್‌ನನ್ನೂ ಬೆಳಗ್ಗೆ ಸಂಜೆ ಜೊತೆಗೆ ನಿಲ್ಲಿಸಿ, ಯಾರ ಕಣ್ಸನ್ನೆಗೆ ಯಾರು ಓಡಬೇಕು ಎಂದು ಕಲಿಸುತ್ತದೆ. ನಮ್ಮ ಊರಿನ ತಂಡಕ್ಕೆ ಹೊರಗಿನವನು ಸಿಗುವುದು ಪಂದ್ಯದ ದಿನ ಸಂಜೆಯ ಬಸ್ಸಿಗೆ. ರೇಡರ್ ಆದರೆ ಹಾಗೆ ಬಸ್ಸಿಳಿದು ಬಂದು ಆಡಬಲ್ಲ, ಅವನದು ಒಂಟಿ ಕೆಲಸ. ಕಾರ್ನರ್‌ಗೆ ಅದು ಸಾಧ್ಯವಿಲ್ಲ. ಪಕ್ಕದವನ ಕೈ ಯಾವಾಗ ಬಿಗಿಯುತ್ತದೆ, ಕವರ್ ಯಾವ ಕಾಲಿನಿಂದ ಓಟ ಕೀಳುತ್ತಾನೆ ಎಂಬುದು ಅವನ ಮೈಗೆ ಗೊತ್ತಿರಬೇಕು. ಅದು ತಿಂಗಳುಗಳ ಕೆಲಸ.

ಆ ತಿಂಗಳುಗಳೇ ನಮ್ಮಲ್ಲಿ ಸಿಗುವುದಿಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಹಿಂಗಾರು ಮುಗಿದರೆ ಹುಡುಗರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಹಟ್ಟಿಯ ಚಿನ್ನದ ಗಣಿಯ ಕಡೆ ಪಾಳಿ ಕೆಲಸ. ಎಡ ಕಾರ್ನರ್‌ಗೆ ಹಗಲು ಪಾಳಿ, ಬಲ ಕಾರ್ನರ್‌ಗೆ ರಾತ್ರಿ ಪಾಳಿ ಬಿದ್ದರೆ ಆ ಇಬ್ಬರೂ ಜೊತೆಗೆ ನಿಲ್ಲುವುದು ಪಂದ್ಯದ ದಿನವೇ. ಸಿಂಧನೂರು ಸೀಮೆ ನೀರಾವರಿಯದು, ಎರಡು ಬೆಳೆ ಭತ್ತ, ಕೊಯ್ಲು ಬಂದರೆ ರೈಸ್ ಮಿಲ್ಲಿನಲ್ಲಿ ಹಮಾಲಿ. ಪ್ರೊ ಕಬಡ್ಡಿಯಲ್ಲಿ ಆಟಗಾರನನ್ನು ಉಳಿಸಿಕೊಳ್ಳುವುದೆಂದರೆ ಒಂದು ಕಾಗದಕ್ಕೆ ಸಹಿ. ನಮ್ಮಲ್ಲಿ ಅದೇ ಕೆಲಸಕ್ಕೆ ಅವನ ತಾಯಿಯನ್ನು ಒಪ್ಪಿಸಬೇಕು, ಮೇಸ್ತ್ರಿಗೆ ಫೋನ್ ಮಾಡಬೇಕು, ತೆಗೆದುಕೊಂಡ ಮುಂಗಡ ಯಾರು ತೀರಿಸುವುದು ಎಂದು ಕೂತು ಮಾತಾಡಬೇಕು.

ಹೋದ ಸಲ ಸಿಂಧನೂರು ತಾಲ್ಲೂಕಿನ ಒಂದು ಊರಿನಲ್ಲಿ ತಂಡದ ಹೆಸರು ಬರೆಯುವ ದಿನ ನಾನಿದ್ದೆ. ಎಡ ಮೂಲೆಗೆ ಇಬ್ಬರು. ಒಬ್ಬ ಡಿಗ್ರಿ ಓದುವ ಹುಡುಗ, ಎತ್ತರ, ಹಾರಿ ಬಿದ್ದು ಹಿಡಿಯುವವನು, ಅವನು ಹಿಡಿದರೆ ಕುರ್ಚಿಗಳು ಎದ್ದು ನಿಲ್ಲುತ್ತವೆ. ಇನ್ನೊಬ್ಬ ಮಿಲ್ಲಿನ ಹಮಾಲಿ, ಕುಳ್ಳ, ಮಾತಿಲ್ಲ. ಬರೆಯುವವನು ಡಿಗ್ರಿ ಹುಡುಗನ ಹೆಸರು ಬರೆದೇಬಿಟ್ಟಿದ್ದ.

ತಂಡ ಕಟ್ಟಿದ ಹಿರಿಯ ಕೇಳಿದ, "ಯಾಕ ತಮ್ಮಾ, ಅವನ್ನ ಯಾಕ ಬಿಟ್ಟಿ?"

"ಕಾಕಾ, ಇವ ಹೋದ ಟೂರ್ನಮೆಂಟಿನ್ಯಾಗ ಒಂದ ಮ್ಯಾಚಿಗೆ ಆರು ಹಿಡದಾನ. ಅವ ಎರಡು."

"ಆರು ಹಿಡದಾನ, ಖರೆ. ಎಷ್ಟು ಕೊಟ್ಟಾನ?"

ಯಾರೂ ಮಾತಾಡಲಿಲ್ಲ. ಕೊಟ್ಟದ್ದನ್ನು ಯಾರೂ ಬರೆದಿರಲಿಲ್ಲ. ನಮ್ಮ ಪಂದ್ಯಗಳ ಅಂಕದ ಹಾಳೆಯಲ್ಲಿ ಹಿಡಿದವನ ಹೆಸರಿನ ಮುಂದೆ ಗೀಟು ಬೀಳುತ್ತದೆ, ಅವಸರಕ್ಕೆ ಹಾರಿ ಔಟಾದವನ ಮುಂದೆ ಗೀಟು ಹಾಕುವ ಪದ್ಧತಿ ಇಲ್ಲ. ಡಿಗ್ರಿ ಹುಡುಗ ಹಿಡಿದ ಆರು ಎಲ್ಲರಿಗೂ ನೆನಪಿತ್ತು. ಅವನು ಬೇಗ ಹಾರಿ ಔಟಾದ ಮೇಲೆ ಆ ಮೂಲೆ ಖಾಲಿ ಬಿದ್ದು, ಒಬ್ಬೊಬ್ಬರಾಗಿ ಇಡೀ ತಂಡವೇ ಔಟಾಗಿ ಲೋನಾ ಆದದ್ದು, ಎದುರಾಳಿಗೆ ಎರಡು ಅಂಕ ಹೆಚ್ಚುವರಿ ಹೋದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಆವತ್ತು ನಾನು ಹೇಳಿದ್ದನ್ನೇ ಇವತ್ತು ಈ ಮೂರು ತಾಲ್ಲೂಕುಗಳ ಎಲ್ಲ ತಂಡದವರಿಗೂ ಹೇಳುತ್ತೇನೆ. ಒಂದು ನೂರು ಪುಟದ ನೋಟುಬುಕ್ಕು ಸಾಕು. ಪ್ರತಿ ಕಾರ್ನರ್‌ಗೆ ಮೂರು ಕಾಲಂ ಮಾಡಿ. ಹಿಡಿದದ್ದು ಎಷ್ಟು, ಕೊಟ್ಟದ್ದು ಎಷ್ಟು, ರೇಡರ್ ಅವನ ಕಡೆ ಬಂದು ಬರಿಗೈಲಿ ಹೋದದ್ದು ಎಷ್ಟು. ಮೂರನೆಯದನ್ನು ಬರೆಯಲು ಆಟ ಬಲ್ಲ ಒಬ್ಬ ಹುಡುಗ ಅಂಕಣದ ಮೂಲೆಗೇ ಕೂರಬೇಕು, ದೂರದಿಂದ ಕಾಣುವುದಿಲ್ಲ. ನಾಲ್ಕನೆಯದೊಂದು ಗುರುತೂ ಬೇಕು. ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದಾಗ ಇವನು ಏನು ಮಾಡಿದ ಎಂಬುದು, ಏಕೆಂದರೆ ಆಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಏಳು ಜನರಿದ್ದಾಗ ಕಾಯುವವನು ಮೂವರಿದ್ದಾಗಲೂ ಕಾಯುತ್ತಲೇ ಕೂತರೆ ಅವನೂ ಪೂರಾ ಕಾರ್ನರ್ ಅಲ್ಲ.

ಆ ಊರಿನವರು ಹಾಗೆ ಬರೆದರು. ಅಭ್ಯಾಸದ ಪಂದ್ಯಗಳಲ್ಲಿ ಹಮಾಲಿ ಹುಡುಗ ಹಿಡಿದದ್ದು ಕಡಿಮೆಯೇ, ಕೊಟ್ಟದ್ದು ಇನ್ನೂ ಕಡಿಮೆ, ಮೂರನೇ ಕಾಲಂ ಮಾತ್ರ ಪುಟದ ಅಂಚು ಮುಟ್ಟಿತ್ತು. ಡಿಗ್ರಿ ಹುಡುಗನನ್ನು ಬಿಡಲಿಲ್ಲ, ಕವರ್‌ಗೆ ಸರಿಸಿದರು. ಹಾರುವ ಚಪಲ ಅಲ್ಲಿ ಕೆಲಸಕ್ಕೆ ಬರುತ್ತದೆ, ಮೂಲೆಯವನು ಕಾಲಿಗೆ ಬೀಗ ಹಾಕಿದ ಮೇಲೆ ಎದೆಗೆ ಹಾರುವವನು ಒಬ್ಬ ಬೇಕಲ್ಲ.

ಇನ್ನು ಹಣದ ಮಾತು ಉಳಿದಿತ್ತು. ಹಮಾಲಿ ಹುಡುಗ ಸಂಜೆಯ ಅಭ್ಯಾಸಕ್ಕೆ ಬರಬೇಕಾದರೆ ಅರ್ಧ ದಿನದ ಕೂಲಿ ಬಿಡಬೇಕು. ಹಿರಿಯ ಒಂದು ದಾರಿ ಹೇಳಿದ, ಹೊರಗಿನ ರೇಡರ್‌ಗೆ ಎತ್ತಿಟ್ಟ ಹಣವನ್ನು ಒಡೆದು ಇವನ ಅರ್ಧ ಕೂಲಿ ತುಂಬಿಕೊಡೋಣ ಎಂದು. ಹುಡುಗರು ಗದ್ದಲ ಎಬ್ಬಿಸಿದರು, ರೇಡರ್ ಇಲ್ಲದೆ ಪೋಸ್ಟರಿನಲ್ಲಿ ಯಾರ ಫೋಟೋ ಹಾಕುವುದು ಎಂದರು. ಮಾತು ಬೆಳೆದು, ಚಹಾ ಎರಡು ಸಲ ಬಂದು, ಕೊನೆಗೆ ಹಿರಿಯನ ಮಾತೇ ನಡೆಯಿತು. ಈ ವರ್ಷದ ಪಟ್ಟಿ ಕೊಡುವ ದಿನ ಹತ್ತಿರ ಬಂದಿದೆ. ಮೊನ್ನೆ ಆ ಊರಿನವರು ಫೋನ್ ಮಾಡಿದ್ದರು: ಎರಡೂ ಮೂಲೆ, ಎರಡೂ ಕವರ್ ಭರ್ತಿಯಾಗಿವೆಯಂತೆ, ರೇಡರ್ ಜಾಗ ಒಂದು ಇನ್ನೂ ಖಾಲಿ ಇದೆಯಂತೆ, ಕಡಿಮೆ ಹಣಕ್ಕೆ ಬರುವ ಒಳ್ಳೆ ಹುಡುಗ ಯಾರಾದರೂ ಇದ್ದರೆ ಹೇಳಿ ಮಾಸ್ತರ ಅಂದರು.